ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್: ಬಿ. ಎ. ಪದವೀಧರರಿಗೆ ದಾರಿ ಉಂಟೇ?

ಅವಿಭಜಿತ ದಕ್ಷಿಣ ಕನ್ನಡವು ಬ್ಯಾಂಕುಗಳ ತವರೆಂಬ ಮಾತನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಅದು ಬರಿಯ ಹೆಮ್ಮೆಯ ಮಾತಲ್ಲ. ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಹೆಸರಿನೊಡನೆ ಸೇರಿರುವ ಅಮ್ಮೆಂಬಳವು ನಮ್ಮ ಬಂಟ್ವಾಳ ತಾಲೂಕಿನ ಗ್ರಾಮ. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲ ಸಂಸ್ಥೆಯೂ, 1924ರಲ್ಲಿ ಕರ್ಣಾಟಕ ಬ್ಯಾಂಕೂ, 1925ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆಯೂ, 1931ರಲ್ಲಿ ವಿಜಯಾ ಬ್ಯಾಂಕೂ ಹುಟ್ಟಿದವು. ಆದುದರಿಂದ ‘ಬ್ಯಾಂಕಿನ ಕೆಲಸ’ ಎಂದರೇನೆಂದು ನಮ್ಮ ಮನೆಗಳಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ‘ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್’ ಎಂಬ ಹೊಸ ಹೆಸರು ಈಗ ವಿದ್ಯಾರ್ಥಿಗಳ ಬಾಯಲ್ಲಿ ಕೇಳಿಬರುತ್ತಿದೆ. ಇವೆರಡೂ ಒಂದೇ ಎಂಬ ಭಾವನೆಯನ್ನು ಮೊದಲು ಬಿಡಬೇಕು.

ಸಾಮಾನ್ಯ ಬ್ಯಾಂಕು ಜನರಿಂದ ಠೇವಣಿ ಪಡೆದು ಸಾಲ ಕೊಡುತ್ತದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಆರಂಭಿಸಿದ ಪಿಗ್ಮಿ ಠೇವಣಿ ಇದಕ್ಕೆ ಒಳ್ಳೆಯ ಉದಾಹರಣೆ. ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಮುಖ್ಯ ಕೆಲಸ ಠೇವಣಿ ಇಡಿಸಿಕೊಳ್ಳುವುದಲ್ಲ. ಕಂಪೆನಿಯೊಂದಕ್ಕೆ ಬಂಡವಾಳ ಬೇಕಾದಾಗ ಷೇರನ್ನು ಯಾವ ಬೆಲೆಗೆ, ಯಾವಾಗ, ಯಾರಿಗೆ ಮಾರಬೇಕೆಂದು ಸಲಹೆ ಕೊಟ್ಟು, ಅದರ ಕಾಗದಪತ್ರಗಳನ್ನು ಸಿದ್ಧಪಡಿಸಿ, ಮಾರಾಟವನ್ನು ನಡೆಸಿಕೊಡುವುದು. ಒಂದು ಕಂಪೆನಿ ಇನ್ನೊಂದನ್ನು ಕೊಳ್ಳುವಾಗ ಬೆಲೆಯನ್ನು ಲೆಕ್ಕಹಾಕುವುದು. ಇದಕ್ಕಾಗಿ ಅದು ಶುಲ್ಕ ಪಡೆಯುತ್ತದೆ.

ನಮ್ಮ ನೆಲದ್ದೇ ಒಂದು ಉದಾಹರಣೆಯನ್ನು ನೋಡೋಣ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಿಂಡಿಕೇಟಿನ 1,000 ಷೇರುಗಳಿದ್ದವರಿಗೆ ಕೆನರಾದ 158 ಷೇರುಗಳು ದೊರೆತವು. ಈ 158 ಎಂಬ ಸಂಖ್ಯೆ ಎಲ್ಲಿಂದ ಬಂತು? ಇಂತಹ ಪ್ರಮಾಣವನ್ನು ನಿರ್ಧರಿಸಬೇಕಾದರೆ ಎರಡೂ ಸಂಸ್ಥೆಗಳ ಆಸ್ತಿ, ಬಾರದ ಸಾಲ, ಲಾಭ, ಷೇರುಪೇಟೆಯ ಬೆಲೆ ಎಲ್ಲವನ್ನೂ ತೂಗಿ ನೋಡಬೇಕು. ತೂಕ ತಪ್ಪಿದರೆ ಒಂದು ಪಕ್ಷದ ಷೇರುದಾರರಿಗೆ ಅನ್ಯಾಯವಾಗುತ್ತದೆ. ಈ ತೂಗುವ ವಿದ್ಯೆಯೇ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗಿನ ತಿರುಳು.

ನಮ್ಮ ದೇಶದಲ್ಲಿ ಈ ವೃತ್ತಿ ಬೆಳೆದುದಕ್ಕೆ ಕಾರಣವುಂಟು. 1947ರ ಕಾಯಿದೆಯಂತೆ ಕಂಪೆನಿಗಳು ಬಂಡವಾಳ ಎತ್ತುವುದಕ್ಕೆ ಸರಕಾರದ ಒಪ್ಪಿಗೆ ಬೇಕಿತ್ತು. ಷೇರಿನ ಬೆಲೆಯ ಮೇಲೂ ಸರಕಾರದ ಹತೋಟಿಯಿತ್ತು. 1992ರಲ್ಲಿ ಆ ಕಾಯಿದೆ ರದ್ದಾಗಿ ಸೆಬಿಗೆ ಶಾಸನಬದ್ಧ ಅಧಿಕಾರ ದೊರೆಯಿತು. ಅಂದಿನಿಂದ ಬೆಲೆಯನ್ನು ಕಂಪೆನಿಯೂ ಅದರ ಸಲಹೆಗಾರರೂ ಸೇರಿ ಗೊತ್ತುಮಾಡತೊಡಗಿದರು. ಸೆಬಿಯ ಭಾಷೆಯಲ್ಲಿ ಈ ಸಲಹೆಗಾರರಿಗೆ ‘ಮರ್ಚೆಂಟ್ ಬ್ಯಾಂಕರ್’ ಎಂದು ಹೆಸರು.

ಇನ್ನು ಪ್ರವೇಶದ ಪ್ರಶ್ನೆ. ಸಾಮಾನ್ಯ ಬ್ಯಾಂಕಿನ ಬಾಗಿಲು ಅಗಲವಾದುದು. ಐ. ಬಿ. ಪಿ. ಎಸ್. ಪರೀಕ್ಷೆಗೆ ಯಾವ ವಿಷಯದ ಪದವಿಯಾದರೂ ಸಾಕು. ಬೆಳ್ತಂಗಡಿಯವರಿಗೂ ದೆಹಲಿಯವರಿಗೂ ಪ್ರಶ್ನೆಪತ್ರಿಕೆಯಲ್ಲಿ ಭೇದವಿಲ್ಲ. ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಬಾಗಿಲು ಕಿರಿದು. ಅದಕ್ಕೆ ಅಂತಹ ಒಂದು ಸಾರ್ವಜನಿಕ ಪರೀಕ್ಷೆಯಿಲ್ಲ. ದೊಡ್ಡ ಸಂಸ್ಥೆಗಳು ಹೆಚ್ಚಾಗಿ ಕೆಲವೇ ಹೆಸರಾಂತ ವಿದ್ಯಾಲಯಗಳಿಗೆ ಹೋಗಿ ಆಯ್ದುಕೊಳ್ಳುತ್ತವೆ. ಅವು ಮೂಡುಬಿದಿರೆಗೋ ಬಂಟ್ವಾಳಕ್ಕೋ ನಮ್ಮನ್ನು ಹುಡುಕಿಕೊಂಡು ಬರುವುದೆಂದು ನಿರೀಕ್ಷಿಸುವಂತಿಲ್ಲ. ನಾವೇ ಅವು ಬರುವಲ್ಲಿಗೆ ಹೋಗಬೇಕು.

ಹೋಗುವ ದಾರಿಗಳು ಮೂರು. ಒಂದು, ಕ್ಯಾಟ್ ಪರೀಕ್ಷೆ ಬರೆದು ಐ. ಐ. ಎಂ. ಸೇರುವುದು. ಇದಕ್ಕೆ ಬಿ. ಎ. ಪದವಿ ಅಡ್ಡಿಯಲ್ಲ. ಮಂಗಳೂರಿನವರಾದ ಕೆ. ವಿ. ಕಾಮತರು ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಅಹಮದಾಬಾದಿನ ಐ. ಐ. ಎಂ.ನಿಂದ 1971ರಲ್ಲಿ ಹೊರಬಂದು ಐ. ಸಿ. ಐ. ಸಿ. ಐ. ಸೇರಿದರು, 1996ರಲ್ಲಿ ಅದರ ಮುಖ್ಯಸ್ಥರಾದರು. ಎರಡು, ಚಾರ್ಟರ್ಡ್ ಅಕೌಂಟೆನ್ಸಿ. ಬಿ. ಎ.ಯಲ್ಲಿ ಶೇಕಡಾ 60 ಅಂಕವಿದ್ದರೆ ಫೌಂಡೇಷನ್ ಪರೀಕ್ಷೆಯಿಲ್ಲದೆಯೇ ಇಂಟರ್‌ಮೀಡಿಯೆಟ್ ಹಂತಕ್ಕೆ ನೇರವಾಗಿ ಸೇರಬಹುದು. ಮೂರು, ಉದ್ಯೋಗದಿಂದಲೇ ಮೇಲೇರುವುದು. ಬ್ಯಾಂಕಿನ ಸಾಲ ವಿಭಾಗದಲ್ಲೋ, ಬೆಂಗಳೂರಿನಲ್ಲಿರುವ ವಿದೇಶೀ ಬ್ಯಾಂಕುಗಳ ಕಚೇರಿಗಳಲ್ಲೋ ಸಣ್ಣ ಕೆಲಸದಿಂದ ಆರಂಭಿಸಿ, ಸೆಬಿ ಸ್ಥಾಪಿಸಿದ ಎನ್. ಐ. ಎಸ್. ಎಂ. ಸಂಸ್ಥೆಯ ಮರ್ಚೆಂಟ್ ಬ್ಯಾಂಕಿಂಗ್ ಪರೀಕ್ಷೆಯಂಥವನ್ನು ಪಾಸುಮಾಡುತ್ತ ಹೋಗುವುದು. ಪ್ರಮಾಣಪತ್ರ ಒಂದರಿಂದಲೇ ಕೆಲಸ ದೊರೆಯದು. ಆದರೆ ವಿಷಯ ತಿಳಿದಿದೆಯೆಂಬುದಕ್ಕೆ ಅದು ಸಾಕ್ಷಿ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಬೀಡಿ ಕಟ್ಟಿದ ಹಣದಿಂದ, ಸ್ವಸಹಾಯ ಸಂಘದ ಸಾಲದಿಂದ ನಮ್ಮನ್ನು ಓದಿಸಿದ ಮನೆಗಳಿವೆ, ನನ್ನದೂ ಅಂಥದೇ. ಪದವಿ ಮುಗಿದೊಡನೆ ಸಂಬಳ ಬರಬೇಕೆಂಬ ಆಸೆ ಅಲ್ಲಿ ತಪ್ಪಲ್ಲ. ಇನ್ನೂ ಮೂರು ನಾಲ್ಕು ವರ್ಷ ಸಂಪಾದನೆಯಿಲ್ಲದೆ ಓದುವೆನೆನ್ನುವ ಧೈರ್ಯ ಎಲ್ಲರಿಗೂ ಬರಲಾರದು. ಮೂರನೆಯ ದಾರಿ ನಿಧಾನವಾದರೂ ನಮ್ಮಂಥವರಿಗೆ ಹೆಚ್ಚು ಹೊಂದುವುದು ಇದರಿಂದಲೇ. ಮೊದಲು ಮನೆಗೆ ಆಸರೆಯಾಗಿ, ಆ ಸಂಬಳದಲ್ಲೇ ಮುಂದಿನ ಪರೀಕ್ಷೆಯ ಶುಲ್ಕ ಕಟ್ಟುವುದು ಸಾಧ್ಯ. ಹಣ ಕೊಟ್ಟರೆ ಮುಂಬಯಿಯಲ್ಲಿ ಕೆಲಸ ಕೊಡಿಸುವೆವೆನ್ನುವವರ ಮಾತಿಗೆ ಮಾತ್ರ ಯಾರೂ ಕಿವಿಗೊಡಬಾರದು.

ಅಷ್ಟರವರೆಗೆ ಕಾಸು ಖರ್ಚಿಲ್ಲದೆ ಮಾಡಬಹುದಾದ ಕೆಲಸವೊಂದುಂಟು. ಕಂಪೆನಿಗಳ ವಾರ್ಷಿಕ ವರದಿಗಳೂ ಷೇರು ಮಾರಾಟದ ಪ್ರಾಸ್ಪೆಕ್ಟಸ್‌ಗಳೂ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಕರ್ಣಾಟಕ ಬ್ಯಾಂಕಿನ ಒಂದು ವರ್ಷದ ವರದಿಯನ್ನು ತೆಗೆದುಕೊಂಡು ಅದರ ಆಸ್ತಿ ಎಷ್ಟು, ಹೊಣೆ ಎಷ್ಟು, ಲಾಭ ಎಲ್ಲಿಂದ ಬಂತು ಎಂದು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ನಾಲ್ವರು ಕೂಡಿ ಓದಿದರೆ, ಸಂದೇಹ ಬಂದಲ್ಲಿ ನಮ್ಮ ಅಧ್ಯಾಪಕರು ತಿಳಿಸಿಕೊಡದಿರಲಾರರು. ಸಂದರ್ಶನದಲ್ಲಿ ಕಾಲೇಜಿನ ಹೆಸರು ನಮ್ಮ ನೆರವಿಗೆ ಬಾರದಿರಬಹುದು. ಲೆಕ್ಕಪತ್ರವನ್ನು ಓದಬಲ್ಲೆವೆಂಬುದು ನೆರವಿಗೆ ಬಂದೀತು.