ದೇವರನ್ನು ನಂಬದವರು ಒಳ್ಳೆಯವರಾಗಿರಬಲ್ಲರೇ?



ತಪಸ್ಸುಕಾಲದ ಮನೆಭೇಟಿಗೆಂದು ಹೊಸೂರು ಸುತ್ತಲಿನ ಒಂದು ಹಳ್ಳಿಗೆ ಹೋಗಿದ್ದೆವು. ಒಂದು ಮನೆಯಲ್ಲಿ ಪ್ರಾರ್ಥನೆ ಮುಗಿಸಿ, ತೀರ್ಥ ಚಿಮುಕಿಸಿ ಕುಳಿತಾಗ ಆ ಮನೆಯ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಮಗ ಪ್ರಾರ್ಥನೆಯ ಹೊತ್ತಿನಲ್ಲಿ ಜಗುಲಿಯ ಮೇಲೆಯೇ ನಿಂತಿದ್ದ. ಹೊಸೂರಿನ ಕಾರ್ಖಾನೆಯೊಂದರಲ್ಲಿ ದುಡಿಯುವ ಹುಡುಗ.

“ಸ್ವಾಮಿ, ಇವನು ಎರಡು ವರ್ಷದಿಂದ ಪೂಜೆಗೆ ಬರ್ತಿಲ್ಲ. ದೇವರೇ ಇಲ್ಲ ಅಂತಾನೆ. ದೇವರ ಭಯ ಹೋದ ಮೇಲೆ ಇನ್ನೇನು ಉಳೀತು? ಇವನು ಕೆಟ್ಟೇ ಹೋಗ್ತಾನೆ ಅಲ್ವಾ?”

ನಾವು ಹಿಂದೆಮುಂದೆ ಯೋಚಿಸದೆ, “ಹೌದಮ್ಮಾ, ಬೇರು ಕಿತ್ತ ಮರ ಎಷ್ಟು ದಿನ ಹಸಿರಾಗಿದ್ದೀತು?” ಎಂದುಬಿಟ್ಟೆವು. ಹುಡುಗ ಒಳಗೆ ಬಂದ. ಸಿಟ್ಟಿನಿಂದಲ್ಲ, ತಗ್ಗಿದ ದನಿಯಲ್ಲೇ ಕೇಳಿದ:

“ಸ್ವಾಮಿ, ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮನ ಪಾಲಿನ ಹೊಲ ದೊಡ್ಡಪ್ಪನ ಹೆಸರಿಗೆ ಹೋಯ್ತು. ಕಾಗದ ಪೂರ್ತಿ ತಮಿಳಲ್ಲಿತ್ತು. ಚಿಕ್ಕಮ್ಮ ಓದಿದ್ದು ಕನ್ನಡ ಶಾಲೆ, ಅದೂ ನಾಲ್ಕನೇ ಕ್ಲಾಸು. ‘ಪಟ್ಟಾ ಬದಲಾವಣೆಗೆ ಒಂದು ಸೈನು’ ಅಂತ ಹಾಕಿಸಿಕೊಂಡ್ರು. ದೊಡ್ಡಪ್ಪ ಒಂದು ಭಾನುವಾರವೂ ಪೂಜೆ ತಪ್ಪಿಸಲ್ಲ, ಪರಮಪ್ರಸಾದವನ್ನೂ ತಗೋತಾರೆ. ನಾನು ತಪ್ಪಿಸ್ತೀನಿ. ಚಿಕ್ಕಮ್ಮನ ಮಕ್ಕಳ ಶಾಲೆ ಫೀಸು ಕಟ್ಟೋದು ಮಾತ್ರ ನಾನು. ನಮ್ಮಿಬ್ಬರಲ್ಲಿ ಬೇರು ಕಿತ್ತ ಮರ ಯಾವುದು ಸ್ವಾಮಿ?”

ನಮಗೆ ಉತ್ತರ ಹೊಳೆಯಲಿಲ್ಲ. ಗುರುಮಠದಲ್ಲಿ ನೀತಿಶಾಸ್ತ್ರಕ್ಕೆಂದೇ ವರ್ಷಗಟ್ಟಲೆ ಪಾಠ ಕೇಳಿದ್ದೆವು. ಆ ಹುಡುಗನ ಮುಂದೆ ಒಂದು ವಾಕ್ಯವೂ ಒದಗಲಿಲ್ಲ. ಊರಿಗೆಲ್ಲ ಗೊತ್ತಿರುವ ಈ ಸಂಗತಿಯನ್ನು ಆ ತಾಯಿ ಮಗನ ಒಪ್ಪಿಗೆ ಪಡೆದೇ, ಗುರುತಿನ ವಿವರಗಳನ್ನು ಬಿಟ್ಟು ಇಲ್ಲಿ ಬರೆಯುತ್ತಿದ್ದೇವೆ. ಏಕೆಂದರೆ ಇದು ಒಂದು ಮನೆಯ ಪ್ರಶ್ನೆಯಲ್ಲ. ಓದಿಗೋ ಕೆಲಸಕ್ಕೋ ಮಕ್ಕಳನ್ನು ಪಟ್ಟಣಕ್ಕೆ ಕಳುಹಿಸಿರುವ ಅನೇಕ ತಂದೆತಾಯಿಯರ ಎದೆಯಲ್ಲಿ ಇದೇ ಅಳುಕಿದೆ.

ಹಳೆಯ ಪ್ರಶ್ನೆ

ದೇವರಿಲ್ಲದೆ ನೀತಿಯುಂಟೇ ಎಂಬ ಪ್ರಶ್ನೆ ಇಂದಿನದಲ್ಲ. ಸುಮಾರು 2,400 ವರ್ಷಗಳ ಹಿಂದೆ ಗ್ರೀಸ್ ದೇಶದ ತತ್ತ್ವಜ್ಞಾನಿ ಪ್ಲೇಟೋ ‘ಯೂಥಿಫ್ರೋ’ ಎಂಬ ಸಂವಾದದಲ್ಲಿ ತನ್ನ ಗುರು ಸಾಕ್ರೆಟಿಸನ ಬಾಯಿಂದ ಇಂಥದ್ದೇ ಪ್ರಶ್ನೆ ಕೇಳಿಸಿದ್ದಾನೆ. ದೇವತೆಗಳು ಮೆಚ್ಚುವುದರಿಂದ ಒಂದು ಕಾರ್ಯ ಪುಣ್ಯವಾಗುತ್ತದೆಯೋ, ಅದು ಪುಣ್ಯವಾಗಿರುವುದರಿಂದ ದೇವತೆಗಳು ಮೆಚ್ಚುತ್ತಾರೋ?

ಮೊದಲನೆಯದನ್ನು ಒಪ್ಪಿದರೆ, ದೇವರು ನಾಳೆ ಸುಳ್ಳು ಹೇಳು ಎಂದರೆ ಸುಳ್ಳೇ ಪುಣ್ಯವಾಗಬೇಕು. ಎರಡನೆಯದನ್ನು ಒಪ್ಪಿದರೆ, ದೇವರಿಗಿಂತ ಮೇಲೆ ಇನ್ನೊಂದು ಕಟ್ಟಳೆ ಇದೆಯೆಂದಾಯಿತು. ಇವೆರಡಕ್ಕೂ ಸಿಕ್ಕದ ಒಂದು ದಾರಿಯನ್ನು ನಮ್ಮ ಧರ್ಮಸಭೆಯ ಪಂಡಿತರು ತೋರಿದ್ದಾರೆ. ಅವರಲ್ಲಿ ಸಂತ ಥಾಮಸ್ ಅಕ್ವಿನಾಸರು (1225–1274) ಪ್ರಮುಖರು. ಒಳ್ಳೆಯತನ ಎಂಬುದು ದೇವರು ಮನಸ್ಸು ಬಂದಂತೆ ಹೊರಡಿಸಿದ ಆಜ್ಞೆಯಲ್ಲ, ದೇವರ ಹೊರಗಿರುವ ವಸ್ತುವೂ ಅಲ್ಲ. ಅದು ದೇವರ ಸ್ವಭಾವವೇ. ಆ ದೇವರು ಮನುಷ್ಯನನ್ನು ಬುದ್ಧಿಯುಳ್ಳವನಾಗಿ ಸೃಷ್ಟಿಸಿದಾಗ ಒಳಿತನ್ನು ಮಾಡು, ಕೆಡುಕನ್ನು ಬಿಡು ಎಂಬ ಮೊದಲ ಪಾಠವನ್ನು ಆ ಬುದ್ಧಿಯಲ್ಲೇ ಇಟ್ಟಿದ್ದಾರೆ. ಇದನ್ನೇ ನಿಸರ್ಗದತ್ತ ನೀತಿನಿಯಮ ಎನ್ನುತ್ತೇವೆ.

ಈ ಮಾತಿಗೆ ಆಧಾರ ಪವಿತ್ರ ಬೈಬಲಿನಲ್ಲೇ ಇದೆ. ರೋಮನರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಸಂತ ಪೌಲರು ಮೋಶೆಯ ಧರ್ಮಶಾಸ್ತ್ರವನ್ನೇ ಕೇಳದ ಅನ್ಯಜನರ ಬಗ್ಗೆ ಬರೆಯುತ್ತಾರೆ. ಅವರು ಸಹಜವಾಗಿಯೇ ಆ ಶಾಸ್ತ್ರದಂತೆ ನಡೆಯುವುದುಂಟು; ಅದರ ಬರಹ ಅವರ ಹೃದಯದಲ್ಲಿದೆ, ಅವರ ಮನಸ್ಸಾಕ್ಷಿಯೇ ಅದಕ್ಕೆ ಸಾಕ್ಷಿ ಎಂಬುದು ಅವರ ಮಾತಿನ ತಾತ್ಪರ್ಯ.

ಹಾಗಾದರೆ ನಾವು ಆ ತಾಯಿಗೆ ಕೊಟ್ಟ ಉತ್ತರ ಅವಸರದ್ದು ಮಾತ್ರವಲ್ಲ, ನಮ್ಮ ವಿಶ್ವಾಸಕ್ಕೇ ಹೊಂದದ್ದು. ಮಗ ದೇವರನ್ನು ಬಿಟ್ಟನೆಂದು ದೇವರು ಅವನ ಹೃದಯದಲ್ಲಿ ಬರೆದದ್ದನ್ನು ಅಳಿಸಿಹಾಕುವುದಿಲ್ಲ.

ನಮ್ಮ ನೆರೆಯ ಸಾಕ್ಷಿಗಳು

ಕಣ್ಣೆದುರಿನ ಉದಾಹರಣೆಗಳೂ ಇವೆ. ಆಂಧ್ರದ ಗೋಪರಾಜು ರಾಮಚಂದ್ರರಾವ್ (1902–1975) ‘ಗೋರಾ’ ಎಂದೇ ಹೆಸರಾದವರು. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, ಸಸ್ಯಶಾಸ್ತ್ರದ ಅಧ್ಯಾಪಕರಾಗಿ, ನಾಸ್ತಿಕರೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡವರು. 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ಸ್ಥಾಪಿಸಿ, ಹೆಂಡತಿ ಸರಸ್ವತಿಯವರೊಡನೆ ಅಸ್ಪೃಶ್ಯತೆಯ ವಿರುದ್ಧ ದುಡಿದರು. ಎಲ್ಲ ಜಾತಿಯವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿಸಿದರು. ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಲು ನಿಶ್ಚಯಿಸಿದಾಗ, ದೇವರಲ್ಲಿ ಅಚಲ ನಂಬಿಕೆಯಿದ್ದ ಮಹಾತ್ಮ ಗಾಂಧಿಯವರು ಆ ಮದುವೆಯನ್ನು ಸೇವಾಗ್ರಾಮದಲ್ಲಿ ನಡೆಸಲು ಒಪ್ಪಿದ್ದರು. ಗಾಂಧೀಜಿ ಹತರಾದ ಮೇಲೆ, 1948ರ ಮಾರ್ಚ್‌ನಲ್ಲಿ ಅದು ಅಲ್ಲೇ ನೆರವೇರಿತು.

ಮಡಕಶಿರಾ ಕಡೆಯ ಓದುಗರಿಗೆ ಗೌರಿಬಿದನೂರು ದೂರವಲ್ಲ. ಆ ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು (1920–2005) ಪವಾಡಗಳನ್ನು ಪ್ರಶ್ನಿಸಿದ ವಿಚಾರವಾದಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು; ಆದರೂ ಮದುವೆಯಾಗದೆ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಖಾದಿ ಉಟ್ಟು ಬಾಳಿದರು. ಬಡತನದ ವ್ರತ ತೊಟ್ಟ ಸನ್ಯಾಸಿಗಳೂ ಅಂಥ ಬಾಳಿನ ಮುಂದೆ ಒಮ್ಮೆ ತಮ್ಮನ್ನು ತಾವು ನೋಡಿಕೊಳ್ಳಬೇಕು.

ಇನ್ನು ನಮ್ಮ ಕಡೆಯ ಲೆಕ್ಕ. 1994ರಲ್ಲಿ ಆಫ್ರಿಕಾದ ರುವಾಂಡದಲ್ಲಿ ಕೆಲವೇ ತಿಂಗಳುಗಳಲ್ಲಿ ಲಕ್ಷಗಟ್ಟಲೆ ಜನರ ಹತ್ಯೆಯಾಯಿತು. ಅದು ಬಹುಪಾಲು ಕ್ರೈಸ್ತರೇ ಇದ್ದ ನಾಡು. ಆಶ್ರಯ ಕೋರಿ ದೇವಾಲಯಗಳಿಗೆ ಓಡಿದವರನ್ನು ಅಲ್ಲೇ ಕೊಂದರು. 2017ರ ಮಾರ್ಚ್‌ನಲ್ಲಿ ಜಗದ್ಗುರು ಫ್ರಾನ್ಸಿಸರು ಧರ್ಮಸಭೆಯ ಸದಸ್ಯರ ಪಾಪಕ್ಕಾಗಿ ದೇವರ ಕ್ಷಮೆ ಬೇಡಿದರು. ಅಷ್ಟು ದೂರವೇಕೆ? ಭಾರತದ ಕಥೋಲಿಕ ಧರ್ಮಾಧ್ಯಕ್ಷರು 2016ರ ಡಿಸೆಂಬರ್‌ನಲ್ಲಿ ಹೊರತಂದ ದಲಿತರ ಸಬಲೀಕರಣದ ನೀತಿಯಲ್ಲಿ, ನಮ್ಮ ಧರ್ಮಸಭೆಯೊಳಗೂ ಜಾತಿಭೇದ ಉಳಿದಿದೆಯೆಂದು ಒಪ್ಪಿಕೊಂಡಿದ್ದಾರೆ. ಒಂದೇ ರೊಟ್ಟಿಯಲ್ಲಿ ಪಾಲುಗೊಂಡವರು ಸ್ಮಶಾನದಲ್ಲಿ ಬೇರೆ ಬೇರೆ ಮಲಗಬೇಕೆನ್ನುವುದು ನಾಸ್ತಿಕರು ಕಲಿಸಿದ ಪಾಠವಲ್ಲ.

ಹಾಗೆಂದು ದೇವರನ್ನು ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ಸ್ಟಾಲಿನ್ನನ ರಷ್ಯಾ, 1975ರಿಂದ 1979ರವರೆಗಿನ ಪೋಲ್ ಪಾಟ್‌ನ ಕಾಂಬೋಡಿಯ ದೇವರನ್ನು ಹೊರಗಟ್ಟಿದ ಆಡಳಿತಗಳೇ. ಅಲ್ಲಿ ಸತ್ತವರ ಸಂಖ್ಯೆ ನೆನೆದರೆ ಮೈ ನಡುಗುತ್ತದೆ. ನಂಬುತ್ತೇನೆ ಎಂಬ ಮಾತಾಗಲಿ, ನಂಬುವುದಿಲ್ಲ ಎಂಬ ಮಾತಾಗಲಿ ಯಾರನ್ನೂ ತಾನಾಗಿಯೇ ಒಳ್ಳೆಯವರನ್ನಾಗಿ ಮಾಡದು.

ಧರ್ಮಸಭೆ ಏನು ಹೇಳುತ್ತದೆ?

ಎರಡನೆಯ ವ್ಯಾಟಿಕನ್ ಮಹಾಸಭೆ ಈ ವಿಷಯದಲ್ಲಿ ನಮಗಿಂತ ಉದಾರವಾಗಿದೆ. ತಮ್ಮ ತಪ್ಪಿಲ್ಲದೆ ದೇವರನ್ನು ಸ್ಪಷ್ಟವಾಗಿ ಅರಿಯದವರೂ ಸನ್ಮಾರ್ಗದಲ್ಲಿ ಬಾಳಲು ಯತ್ನಿಸಿದರೆ ದೇವರ ನೆರವು ಅವರಿಗೆ ತಪ್ಪದು ಎಂದು ಧರ್ಮಸಭೆಯನ್ನು ಕುರಿತ 1964ರ ಸಂವಿಧಾನ ಕಲಿಸುತ್ತದೆ. ಇಂದಿನ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ 1965ರ ಸಂವಿಧಾನವು ಮನಸ್ಸಾಕ್ಷಿಯನ್ನು ಮನುಷ್ಯನೊಳಗಿನ ಗರ್ಭಗುಡಿಯಂತೆ ಕಾಣುತ್ತದೆ. ಅದೇ ಸಂವಿಧಾನದಲ್ಲಿ ಇನ್ನೊಂದು ಕಹಿಮಾತೂ ಇದೆ: ನಾಸ್ತಿಕತೆ ಹುಟ್ಟಲು ವಿಶ್ವಾಸಿಗಳ ಪಾತ್ರವೂ ಸಣ್ಣದಲ್ಲ. ವಿಶ್ವಾಸವನ್ನು ಸರಿಯಾಗಿ ಕಲಿಸದೆ, ಕಲಿತಂತೆ ಬಾಳದೆ, ನಾವೇ ದೇವರ ಮುಖಕ್ಕೆ ತೆರೆ ಎಳೆಯುತ್ತೇವೆ.

ಆ ಹುಡುಗನ ದೊಡ್ಡಪ್ಪ ಎಳೆದದ್ದು ಇಂಥ ತೆರೆಯನ್ನು. ಕಾರಣ ವಿಚಾರಿಸದೆ ಬುದ್ಧಿ ಹೇಳಲು ಹೊರಟ ನಾವೂ ಅದರ ಒಂದು ತುದಿಯನ್ನು ಹಿಡಿದಿದ್ದೆವು.

ಮತ್ತಾಯನ ಶುಭಸಂದೇಶದ 21ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಇಬ್ಬರು ಮಕ್ಕಳ ಕಥೆ ಹೇಳುತ್ತಾರೆ. ತಂದೆ ದ್ರಾಕ್ಷಿತೋಟಕ್ಕೆ ಹೋಗಿ ಕೆಲಸ ಮಾಡೆಂದಾಗ ಒಬ್ಬ ಒಲ್ಲೆನೆಂದ, ಆಮೇಲೆ ಮನಸ್ಸು ಬದಲಿಸಿ ಹೋದ. ಇನ್ನೊಬ್ಬ ವಿನಯದಿಂದ ಒಪ್ಪಿಕೊಂಡ, ಆದರೆ ಹೋಗಲಿಲ್ಲ. ತಂದೆಯ ಚಿತ್ತ ನೆರವೇರಿಸಿದವನು ಯಾರು? ಈ ಕಥೆಯನ್ನು ಸ್ವಾಮಿ ಹೇಳಿದ್ದು ಮಹಾಯಾಜಕರಿಗೂ ಪ್ರಜೆಯ ಹಿರಿಯರಿಗೂ. ಅಂದರೆ ನಮ್ಮಂಥ ಗುರುಗಳಿಗೆ.

ಹಾಗಾದರೆ ವಿಶ್ವಾಸವೇಕೆ?

“ದೇವರನ್ನು ನಂಬದೆಯೂ ಒಳ್ಳೆಯವನಾಗಿರಬಹುದಾದರೆ ಪೂಜೆ, ಜಪಸರ, ಪಾಪನಿವೇದನೆ ಯಾಕೆ ಸ್ವಾಮಿ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಳ್ಳೆಯವರೆಂಬ ಸರ್ಟಿಫಿಕೇಟಿಗಾಗಿ ನಾವು ಪೂಜೆಗೆ ಹೋಗುವುದಿಲ್ಲ. ಒಳ್ಳೆಯವರಾಗಿಲ್ಲವೆಂಬ ಅರಿವಿನಿಂದ ಹೋಗುತ್ತೇವೆ. ಬಲಿಪೂಜೆಯನ್ನು ನಾವು ಆರಂಭಿಸುವುದೇ ಪಾಪವನ್ನು ಒಪ್ಪಿಕೊಂಡು. ಯಾವುದು ಸರಿ ಎಂಬುದನ್ನು ಮನಸ್ಸಾಕ್ಷಿ ಎಲ್ಲರಿಗೂ ತಿಳಿಸುತ್ತದೆ. ತಿಳಿದೂ ತಪ್ಪಿ ಬಿದ್ದಾಗ ಎತ್ತುವ ಕೈ ಒಂದಿದೆ, ನಮ್ಮನ್ನು ಕ್ಷಮಿಸಿದವರು ಇದ್ದಾರೆ, ಆದ್ದರಿಂದ ನಾವೂ ಕ್ಷಮಿಸಬೇಕು ಎಂಬುದು ಶಿಲುಬೆಯ ಬುಡದಲ್ಲಿ ಕಲಿಯುವ ಪಾಠ.

ಕೇರಳದ ಪುಲ್ಲುವಳಿಯಲ್ಲಿ ಹುಟ್ಟಿದ ಸಿಸ್ಟರ್ ರಾಣಿ ಮರಿಯ ಮಧ್ಯಪ್ರದೇಶದಲ್ಲಿ ಬಡ ಆದಿವಾಸಿಗಳು ಸಾಲದ ಬಲೆಯಿಂದ ಬಿಡಿಸಿಕೊಳ್ಳಲು ನೆರವಾಗಿದ್ದರು. 1995ರ ಫೆಬ್ರವರಿ 25ರಂದು, ಬಸ್ ಪ್ರಯಾಣದ ನಡುವೆ ಅವರನ್ನು ಇರಿದು ಕೊಂದರು. ಅವರ ಸ್ವಂತ ತಂಗಿ, ಅವರೂ ಕನ್ಯಾಸ್ತ್ರೀ, 2002ರಲ್ಲಿ ಸೆರೆಮನೆಗೆ ಹೋಗಿ ಆ ಹಂತಕನ ಕೈಗೆ ರಾಖಿ ಕಟ್ಟಿದರು. ಬಿಡುಗಡೆಯಾದ ಮೇಲೆ ಅವನು ಕೇರಳದ ಮನೆಗೆ ಬಂದಾಗ ಆ ವೃದ್ಧ ತಾಯಿ ಅವನನ್ನು ಮಗನಂತೆ ಬರಮಾಡಿಕೊಂಡರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯರನ್ನು ಪುನೀತೆಯೆಂದು ಘೋಷಿಸಲಾಯಿತು. ನಂಬದವರು ಕ್ಷಮಿಸಲಾರರು ಎಂದು ನಾವು ಹೇಳುತ್ತಿಲ್ಲ. ಆದರೆ ಆ ತಾಯಿ ಮಗಳಿಗೆ ಅಷ್ಟು ಬಲ ಎಲ್ಲಿಂದ ಬಂತೆಂದು ಕೇಳಿದರೆ ಅವರು ಬೆರಳು ತೋರಿಸುವುದು ಶಿಲುಬೆಯ ಕಡೆಗೆ.

ಆದರೆ ಕ್ಷಮೆಯನ್ನು ಅಗ್ಗ ಮಾಡಬೇಡಿ. ಕದ್ದದ್ದನ್ನು ಹಿಂದಿರುಗಿಸುವ ಮನಸ್ಸಿಲ್ಲದೆ ಮಾಡಿದ ಪಾಪನಿವೇದನೆ ಅರ್ಧದಲ್ಲೇ ನಿಲ್ಲುತ್ತದೆ. ಜಕ್ಕಾಯನ ಮನೆಗೆ ಯೇಸುಸ್ವಾಮಿ ಬಂದಾಗ ಅವನು ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ವಿಧವೆಯ ಹೊಲವೋ, ತಂಗಿಯ ಪಾಲೋ, ಕೂಲಿಯವನ ಬಾಕಿಯೋ ನಿಮ್ಮ ಬಳಿ ಉಳಿದಿದ್ದರೆ ಮೊದಲು ಅದನ್ನು ಕೊಟ್ಟು ಬನ್ನಿ. ದೇವಾಲಯದ ಬಾಗಿಲು ಅಲ್ಲಿಯವರೆಗೂ ತೆರೆದೇ ಇರುತ್ತದೆ.

ತಂದೆತಾಯಿಯರಿಗೆ ಒಂದು ಮಾತು

ಮಕ್ಕಳಿಗೆ ನೀತಿ ಕಲಿಸುವಾಗ “ದೇವರು ಕಣ್ಣು ಕೀಳ್ತಾರೆ, ನರಕಕ್ಕೆ ಹಾಕ್ತಾರೆ” ಎಂಬ ಬೆದರಿಕೆಯೊಂದನ್ನೇ ಬಳಸಬೇಡಿ. ಬೆದರಿಕೆಯ ಮೇಲೆ ನಿಂತ ನೀತಿ ಬೆದರಿಕೆ ಹೋದ ದಿನ ಕುಸಿಯುತ್ತದೆ. ಅಣ್ಣ ತಮ್ಮನ ಪೆನ್ಸಿಲ್ ಕದ್ದರೆ, “ಅವನಿಗೆ ಹೇಗಾಯ್ತು ನೋಡು” ಎಂದು ಕೇಳಿ. ಸಂಜೆಯ ಪ್ರಾರ್ಥನೆಯ ನಂತರ ಎರಡು ನಿಮಿಷ ಸುಮ್ಮನೆ ಕುಳಿತು, ಈ ದಿನ ಯಾರನ್ನು ನೋಯಿಸಿದೆವೆಂದು ಮನೆಮಂದಿಯೆಲ್ಲ ನೆನೆಯಿರಿ. ಅಪ್ಪ ಅಮ್ಮ ಮೊದಲು ಹೇಳಲಿ. ಪೂಜೆಗೆ ಬಾರದ ಮಗನನ್ನೋ ಮಗಳನ್ನೋ ನೆಂಟರ ಮುಂದೆ ಹೀಯಾಳಿಸಬೇಡಿ. ಅವರು ಕೇಳುವ ಪ್ರಶ್ನೆಯಲ್ಲಿ ನಮ್ಮದೇ ತಪ್ಪಿನ ಗುರುತು ಇರಬಹುದು.

ಎರಡು ವಾರಗಳ ನಂತರ ನಾವು ಮತ್ತೆ ಆ ಮನೆಗೆ ಹೋದೆವು. ಅದಕ್ಕೂ ಮುನ್ನ ದೊಡ್ಡಪ್ಪನ ಮನೆಗೂ ಹೋಗಿ ಬಂದಿದ್ದೆವು. ಅಲ್ಲಿ ಕಾಫಿ ಕೊಟ್ಟರು, ಮಾತು ಕೊಡಲಿಲ್ಲ. ಹೊಲದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಹುಡುಗನೇ ಕಾಗದಗಳನ್ನೆಲ್ಲ ಓದಿ, ಚಿಕ್ಕಮ್ಮನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾನೆ.

“ಅವತ್ತು ನಾವು ಆಡಿದ ಮಾತು ತಪ್ಪಪ್ಪಾ, ಮನಸ್ಸಿಗೆ ಹಚ್ಚಿಕೊಳ್ಳಬೇಡ” ಎಂದೆವು.

ಅವನು ನಕ್ಕ. “ನನಗೇನಿಲ್ಲ ಸ್ವಾಮಿ. ನಾನು ಕೆಟ್ಟು ಹೋಗಿಲ್ಲ ಅಂತ ಅಮ್ಮನಿಗೆ ಒಂದು ಮಾತು ಹೇಳಿ. ನೀವು ಹೇಳಿದ್ರೆ ನಂಬ್ತಾರೆ.”

ಒಳಗೆ ಹೋಗಿ ಹೇಳಿದೆವು. ಆ ತಾಯಿ ಬಹಳ ಹೊತ್ತು ಯೇಸುವಿನ ಪವಿತ್ರ ಹೃದಯದ ಪಟವನ್ನೇ ನೋಡುತ್ತಾ ಕುಳಿತರು. ಆಮೇಲೆ ಕೇಳಿದರು, “ಹಂಗಾದ್ರೆ ಇನ್ನು ಅವನಿಗಾಗಿ ಬೇಡಿಕೊಳ್ಳೋದು ಬೇಡವಾ ಸ್ವಾಮಿ?”

“ಬೇಡಿಕೊಳ್ಳಿ ಅಮ್ಮಾ, ಒಂದು ದಿನವೂ ಬಿಡಬೇಡಿ. ಆದರೆ ಮಗ ಕೆಟ್ಟವನೆಂದು ಅಳುತ್ತಾ ಬೇಡಬೇಡಿ. ಇಂಥ ಮಗನನ್ನು ಕೊಟ್ಟದ್ದಕ್ಕೆ ವಂದನೆ ಹೇಳಿ, ಆಮೇಲೆ ಬೇಡಿ. ಹಾಗೆಯೇ ದೊಡ್ಡಪ್ಪನವರಿಗಾಗಿಯೂ ಒಂದು ಜಪಸರ ಮಾಡಿ. ನಮಗಾಗಿಯೂ.”