ಗಿಲ್ಡಿಗೆ ಹೊಸಬರೇ? ಮೊದಲು ನಮಸ್ಕಾರ ಹೇಳಿ

ಆನ್‌ಲೈನ್ ಆಟದ ತಂಡಕ್ಕೆ ಸೇರಲು ಒಂದು ಬಟನ್ ಒತ್ತಿದರೆ ಸಾಕು. ಅಲ್ಲಿ ಉಳಿಯುವುದು ಮಾತ್ರ ಬೇರೆಯೇ ವಿದ್ಯೆ. ಆಡುವ ಮಕ್ಕಳಿಗೂ, ಊಟಕ್ಕೆ ಕರೆದು ಕರೆದು ಸುಸ್ತಾದ ಅಪ್ಪ ಅಮ್ಮಂದಿರಿಗೂ ಒಂದಿಷ್ಟು ಮಾತು.

ಗೌರಿ ಹಬ್ಬಕ್ಕೆ ಶಿವಮೊಗ್ಗದ ಅಕ್ಕನ ಮನೆಗೆ ಹೋಗಿದ್ದೆ. ಒಂಬತ್ತನೇ ತರಗತಿಯ ಅವಳ ಮಗ ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂತಿದ್ದ. ಕಡುಬು ಕೊಟ್ಟರೆ ಬೇಡ ಎಂದ. ಕಡುಬು ಬೇಡ ಎನ್ನುವ ಹುಡುಗನಲ್ಲ ಅವನು.

"ಏನಾಯ್ತೋ?"

"ನನ್ನನ್ನ ಕ್ಲ್ಯಾನ್‌ನಿಂದ ತೆಗೆದುಹಾಕಿದ್ರು ಚಿಕ್ಕಮ್ಮ."

"ಒಳ್ಳೇದೇ ಆಯ್ತು ಬಿಡು" ಎಂದು ಅಕ್ಕ ಅಡುಗೆಮನೆಯಿಂದಲೇ ಹೇಳಿದಳು. ಹುಡುಗನ ಕಣ್ಣು ತುಂಬಿತು.

ಪಕ್ಕದಲ್ಲಿ ಕೂತು ವಿಚಾರಿಸಿದೆ. ಹಿಂದಿನ ವಾರ ಮೊಬೈಲ್ ಆಟವೊಂದರ ತಂಡಕ್ಕೆ ಸೇರಿದ್ದ. ಸೇರಿದ ದಿನದಿಂದಲೇ "ನನಗೆ ಸೈನಿಕರನ್ನ ಕೊಡಿ" ಎಂದು ಕೇಳುತ್ತಾ ಬಂದ. ತಾನು ಯಾರಿಗೂ ಕೊಡಲಿಲ್ಲ. ತಂಡದವರು ಇವನನ್ನು ನಂಬಿ ಯುದ್ಧಕ್ಕೆ ಸೇರಿಸಿಕೊಂಡರು. ಅದೇ ಹೊತ್ತಿಗೆ ಶಾಲೆಯಲ್ಲಿ ಟೆಸ್ಟ್ ಬಂತು, ಅಕ್ಕ ಮೊಬೈಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಇವನ ಪಾಲಿನ ಎರಡು ದಾಳಿಗಳು ಹಾಗೇ ಉಳಿದವು, ತಂಡ ಸೋತಿತು. ಟೆಸ್ಟ್ ಮುಗಿಸಿ ಬಂದು ನೋಡಿದರೆ ಪಟ್ಟಿಯಲ್ಲಿ ಇವನ ಹೆಸರೇ ಇಲ್ಲ.

"ಒಂದು ಮಾತೂ ಕೇಳಲಿಲ್ಲ ಚಿಕ್ಕಮ್ಮ" ಎಂಬುದೇ ಅವನ ದೊಡ್ಡ ಸಂಕಟ.

"ನೀನು ಅವರಿಗೆ ಒಂದು ಮಾತು ಹೇಳಿದ್ಯಾ, ಟೆಸ್ಟ್ ಇದೆ ಅಂತ?"

ಸುಮ್ಮನಾದ. ಆ ಮೌನದಲ್ಲೇ ಈ ಲೇಖನ ಹುಟ್ಟಿತು.

ಗಿಲ್ಡ್ ಎಂದರೇನು?

ಎಷ್ಟೋ ಆನ್‌ಲೈನ್ ಆಟಗಳಲ್ಲಿ ಒಂದು ಹಂತದವರೆಗೆ ಒಬ್ಬರೇ ಹೋಗಬಹುದು. ಅಲ್ಲಿಂದ ಮುಂದೆ ಜೊತೆಗಾರರು ಬೇಕು. ಹೀಗೆ ಕಾಯಮ್ಮಾಗಿ ಒಟ್ಟಿಗೆ ಆಡುವವರ ಸಂಘಕ್ಕೆ ಗಿಲ್ಡ್ ಎನ್ನುತ್ತಾರೆ. ಕೆಲವು ಆಟಗಳಲ್ಲಿ ಅದರ ಹೆಸರು ಕ್ಲ್ಯಾನ್. 2004ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಕಂಪ್ಯೂಟರ್ ಆಟದ ಆರಂಭದ ದಿನಗಳಲ್ಲಿ ದೊಡ್ಡ ದಾಳಿಗಳಿಗೆ 40 ಮಂದಿ ಒಟ್ಟಿಗೆ ಸೇರಬೇಕಿತ್ತು. ಫಿನ್ಲೆಂಡಿನ ಸೂಪರ್‌ಸೆಲ್ ಕಂಪನಿ 2012ರಲ್ಲಿ ಹೊರತಂದ 'ಕ್ಲ್ಯಾಶ್ ಆಫ್ ಕ್ಲ್ಯಾನ್ಸ್' ಆಟದಲ್ಲಿ ಒಂದು ಕ್ಲ್ಯಾನ್‌ಗೆ ಹೆಚ್ಚೆಂದರೆ 50 ಮಂದಿ. ನಮ್ಮ ಹುಡುಗ ಆಡುವುದು ಇದನ್ನೇ.

ಗಿಲ್ಡ್ ಎಂಬ ಪದ ಯುರೋಪಿನ ಹಳೆಯ ಕುಶಲಕರ್ಮಿಗಳ, ವರ್ತಕರ ಸಂಘಗಳಿಂದ ಬಂದದ್ದು. ಅಂಥ ಸಂಘಗಳು ನಮಗೇನೂ ಹೊಸವಲ್ಲ. ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ದಕ್ಷಿಣ ಭಾರತದ ದೊಡ್ಡ ವರ್ತಕ ಸಂಘ. ದೂರದ ಸುಮಾತ್ರಾ ದ್ವೀಪದಲ್ಲಿ ಸಿಕ್ಕಿರುವ 1088ರ ತಮಿಳು ಶಾಸನವೊಂದರಲ್ಲೂ ಐನೂರ್ವರ ಉಲ್ಲೇಖವಿದೆ. ಅವರಿಗೆ 'ಬಣಂಜು ಧರ್ಮ' ಎಂಬ ತಮ್ಮದೇ ನಡಾವಳಿ ಇತ್ತು. ಪರಊರಿನಲ್ಲಿ ಮುಖಪರಿಚಯ ಇಲ್ಲದವರೊಡನೆ ವ್ಯವಹಾರ ಮಾಡಬೇಕಾದರೆ ಕೊಟ್ಟ ಮಾತೇ ಆಧಾರ. ಆಟದ ಗಿಲ್ಡ್‌ನಲ್ಲೂ ಅಷ್ಟೇ. ಅಲ್ಲಿ ಯಾರಿಗೂ ನಿಮ್ಮ ಮುಖ ಕಾಣುವುದಿಲ್ಲ, ನಡತೆ ಮಾತ್ರ ಕಾಣುತ್ತದೆ.

ಸೇರುವ ಮುನ್ನ

ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನಲ್ಲಿ ಊರಿನಂಚಿನ ಪಾಳುಬಿದ್ದ ಕ್ಲ್ಯಾನ್ ಕ್ಯಾಸಲ್ ಅನ್ನು ಆಟದೊಳಗಿನ 10,000 ಚಿನ್ನ ಕೊಟ್ಟು ದುರಸ್ತಿ ಮಾಡಿದರೆ ತಂಡ ಸೇರುವ ಅರ್ಹತೆ ಬರುತ್ತದೆ. ಆಮೇಲೆ ಕಣ್ಣಿಗೆ ಬಿದ್ದ ಮೊದಲ ತಂಡಕ್ಕೆ ನುಗ್ಗಬೇಡಿ. ಭಾಷೆ, ಸ್ಥಳ, ಎಷ್ಟು ದಿನಕ್ಕೊಮ್ಮೆ ಯುದ್ಧ ಎಂಬುದನ್ನೆಲ್ಲ ಆರಿಸಿ ಹುಡುಕುವ ಅವಕಾಶವಿದೆ. ಕೆಲವು ತಂಡಗಳಿಗೆ ಯಾರು ಬೇಕಾದರೂ ಸೇರಬಹುದು. ಕೆಲವಕ್ಕೆ ಕೋರಿಕೆ ಕಳಿಸಿ ಕಾಯಬೇಕು.

ಪ್ರತಿ ತಂಡವೂ ತನ್ನ ಬಗ್ಗೆ ನಾಲ್ಕು ಸಾಲು ಬರೆದುಕೊಂಡಿರುತ್ತದೆ. ಅದನ್ನು ಪೂರ್ತಿ ಓದಿ. 'ದಿನಾ ಬರಬೇಕು, ಯುದ್ಧ ತಪ್ಪಿಸುವಂತಿಲ್ಲ' ಎಂದಿದ್ದರೆ ಶಾಲೆಗೆ ಹೋಗುವವರಿಗೆ ಆ ತಂಡ ಒಗ್ಗದು. ನಿಧಾನವಾಗಿ, ಖುಷಿಗೆ ಆಡುವ ತಂಡಗಳೂ ಬೇಕಾದಷ್ಟಿವೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಂಥ ಆಟಗಳ ದಾಳಿಗಳು ಗೊತ್ತಾದ ಹೊತ್ತಿಗೆ ಶುರುವಾಗಿ ಗಂಟೆಗಟ್ಟಲೆ ನಡೆಯುತ್ತವೆ. ಸೇರುವ ಮೊದಲೇ ಆ ವೇಳೆಯನ್ನು ಕೇಳಿ, ಮನೆಯ ಗಡಿಯಾರದ ಜೊತೆ ಹೋಲಿಸಿ ನೋಡಿ.

ಮೊದಲ ವಾರ ಹೀಗಿರಲಿ

ಹೊಸ ಶಾಲೆಗೆ ಸೇರಿದ ಮೊದಲ ದಿನ ಏನು ಮಾಡುತ್ತೀರಿ? ನೇರವಾಗಿ ಹೋಗಿ ಮಾನಿಟರ್ ಕುರ್ಚಿಯಲ್ಲಿ ಕೂರುವುದಿಲ್ಲ ತಾನೇ? ಇಲ್ಲೂ ಹಾಗೆಯೇ.

ಮೊದಲು ನಮಸ್ಕಾರ ಹೇಳಿ. 'ನಮಸ್ಕಾರ, ನಾನು ಹೊಸಬ, ಸಂಜೆ ಅರ್ಧ ಗಂಟೆ ಮಾತ್ರ ಬರ್ತೀನಿ' ಎಂಬ ಒಂದು ಸಾಲು ಸಾಕು. ಆ ಸಾಲಿನಿಂದಲೇ ಅರ್ಧ ತೊಂದರೆಗಳು ತಪ್ಪುತ್ತವೆ.

ಎರಡನೆಯದು, ಕೇಳುವ ಮೊದಲು ಕೊಡಿ. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನಲ್ಲಿ ಯಾರು ಎಷ್ಟು ಸೈನಿಕರನ್ನು ಕೊಟ್ಟರು, ಎಷ್ಟು ಪಡೆದರು ಎಂಬ ಲೆಕ್ಕ ಎಲ್ಲರಿಗೂ ಕಾಣುತ್ತದೆ. ಪಡೆದದ್ದು ದಂಡಿಯಾಗಿ, ಕೊಟ್ಟದ್ದು ಸೊನ್ನೆ ಎಂದಿದ್ದರೆ ಬೇರೆ ಯಾವ ದೂರೂ ಬೇಕಿಲ್ಲ. ನಿಮ್ಮ ಹತ್ತಿರ ಸಣ್ಣ ಸೈನಿಕರಷ್ಟೇ ಇದ್ದರೂ ಸಂಕೋಚ ಬೇಡ, ಕೇಳಿದವರಿಗೆ ಹೊಂದುವುದನ್ನು ಕೊಡಿ.

ಮೂರನೆಯದು, ಗೊತ್ತಿಲ್ಲದ್ದನ್ನು ಕೇಳಿ. 'ಈ ಊರಿನ ಮೇಲೆ ಯಾವ ಕಡೆಯಿಂದ ದಾಳಿ ಮಾಡಲಿ?' ಎಂದು ಕೇಳಿದರೆ ಹಳಬರಿಗೆ ಖುಷಿಯೇ ಆಗುತ್ತದೆ. ಕೇಳದೆ ಹೋಗಿ ಕೆಡಿಸಿದರೆ ಸಿಟ್ಟು ಬರುತ್ತದೆ. ಹಳಬರ ದಾಳಿಗಳನ್ನು ಮತ್ತೆ ಹಾಕಿ ನೋಡುವ ಸೌಲಭ್ಯವೂ ಇದೆ.

ನಾಲ್ಕನೆಯದು, ಪಾಲಿಗೆ ಬಂದ ಪಾತ್ರ ಒಪ್ಪಿಕೊಳ್ಳಿ. ವಾರ್‌ಕ್ರಾಫ್ಟ್‌ನಂಥ ಆಟಗಳಲ್ಲಿ ಮೂರು ಬಗೆಯ ಪಾತ್ರಗಳಿವೆ. ಪೆಟ್ಟು ತಿನ್ನುತ್ತಾ ಶತ್ರುವನ್ನು ತನ್ನ ಕಡೆ ಹಿಡಿದಿಡುವವರು ಟ್ಯಾಂಕ್. ಗಾಯ ವಾಸಿ ಮಾಡುವವರು ಹೀಲರ್. ಉಳಿದವರು ಹೊಡೆಯುವವರು. ಹೊಸಬರೆಲ್ಲರಿಗೂ ಹೊಡೆಯುವ ಆಸೆಯೇ. ಎಲ್ಲರೂ ಕರ್ಣನ ವೇಷವೇ ಬೇಕೆಂದರೆ ಮದ್ದಳೆ ಬಾರಿಸುವವರು ಯಾರು? ಒಳ್ಳೆಯ ಹೀಲರ್ ಸಿಕ್ಕಿದರೆ ಗಿಲ್ಡ್ ಬಿಟ್ಟುಕೊಡುವುದೇ ಇಲ್ಲ.

ಕೊನೆಯದು, ಮೇಲೇರಲು ಅವಸರ ಬೇಡ. ಕ್ಲ್ಯಾನ್‌ನಲ್ಲಿ ಮೆಂಬರ್, ಎಲ್ಡರ್, ಕೋ-ಲೀಡರ್, ಲೀಡರ್ ಎಂಬ ಮೆಟ್ಟಿಲುಗಳಿವೆ. ಸೇರಿದ ಮರುದಿನವೇ 'ನನ್ನನ್ನ ಎಲ್ಡರ್ ಮಾಡಿ' ಎನ್ನುವವರನ್ನು ಎಲ್ಲ ತಂಡದವರೂ ನೋಡಿರುತ್ತಾರೆ. ಅವರಿಗೆ ಸಿಗುವುದು ನಗು ಮಾತ್ರ.

ಆರು ನಿಮಿಷದ ಯುದ್ಧ

ಈ ಭಾಗವನ್ನು ಅಮ್ಮ ಅಪ್ಪ ತಪ್ಪದೇ ಓದಬೇಕು.

"ಯುದ್ಧ ನಡೀತಾ ಇದೆ ಅಮ್ಮ, ಈಗ ಬರಕ್ಕಾಗಲ್ಲ" ಎಂಬ ಮಾತು ಎಷ್ಟು ಮನೆಗಳಲ್ಲಿ ತಟ್ಟೆಯ ಅನ್ನ ಆರಿಸಿದೆಯೋ! ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನ ಸಾಮಾನ್ಯ ಕ್ಲ್ಯಾನ್ ಯುದ್ಧದ ಲೆಕ್ಕ ನೋಡಿ. ಯುದ್ಧದ ದಿನ ಎಂದರೆ ಪೂರ್ತಿ 24 ಗಂಟೆ. ಅಷ್ಟರೊಳಗೆ ಒಬ್ಬರು ಮಾಡಬೇಕಾದದ್ದು ಎರಡೇ ದಾಳಿ. ಒಂದು ದಾಳಿಗೆ ಹೆಚ್ಚೆಂದರೆ ಮೂರು ನಿಮಿಷ. ಅಂದರೆ ಇಡೀ ದಿನದಲ್ಲಿ ಆರು ನಿಮಿಷ! ರಾತ್ರಿ ಎಂಟೂವರೆಗೆ ಸಾರು ಬಡಿಸುವ ಹೊತ್ತಿನಲ್ಲೇ ಆ ಆರು ನಿಮಿಷ ಬರಬೇಕೆಂದು ಯಾವ ನಿಯಮವೂ ಇಲ್ಲ. ಶಾಲೆಯಿಂದ ಬಂದು ತಿಂಡಿ ತಿಂದ ಮೇಲೆ ಮುಗಿಸಬಹುದು.

ಇದನ್ನು ಅಕ್ಕನಿಗೆ ಹೇಳಿದಾಗ ಅವಳು ಸೌಟು ಹಿಡಿದೇ ಹೊರಗೆ ಬಂದು ಮಗನ ಮುಖ ನೋಡಿದಳು. ಅವನು ನೆಲ ನೋಡಿದ.

ಇನ್ನೊಂದು ಸಂಗತಿ ಅವನಿಗೂ ಗೊತ್ತಿರಲಿಲ್ಲ. ಪ್ರತಿಯೊಬ್ಬರ ಪ್ರೊಫೈಲಿನಲ್ಲೂ 'ಯುದ್ಧಕ್ಕೆ ಇದ್ದೇನೆ', 'ಇಲ್ಲ' ಎಂದು ತಿಳಿಸುವ ಹಸಿರು, ಕೆಂಪು ಗುರುತಿದೆ. ಪರೀಕ್ಷೆ ಬಂದಾಗ ಕೆಂಪು ಮಾಡಿ, 'ಟೆಸ್ಟ್ ಇದೆ, ಮುಂದಿನ ವಾರ ಬರ್ತೀನಿ' ಎಂದು ಬರೆದರೆ ಮುಗಿಯಿತು. ನಿಜವಾದ ತಂಡ ಒಪ್ಪಿಕೊಳ್ಳುತ್ತದೆ. ಒಪ್ಪದಿದ್ದರೆ ಆ ತಂಡ ನಿಮಗೆ ತಕ್ಕದ್ದಲ್ಲ.

ಪೋಷಕರಿಗೂ ಒಂದು ಮಾತು. ಮೊಬೈಲ್ ಕಿತ್ತುಕೊಳ್ಳುವ ಮೊದಲು 'ಈಗ ಯಾರಾದರೂ ನಿನ್ನನ್ನ ಕಾಯ್ತಾ ಇದ್ದಾರಾ?' ಎಂದು ಕೇಳಿ ನೋಡಿ. ತಂಡಕ್ಕೆ ಒಂದು ಸಾಲು ಬರೆಯಲು ಒಂದು ನಿಮಿಷ ಕೊಡಿ. ಆಟ ನಿಲ್ಲಿಸುವುದನ್ನು ಮಾತ್ರವಲ್ಲ, ಹೇಳಿ ನಿಲ್ಲಿಸುವುದನ್ನೂ ಕಲಿಸಿದಂತಾಗುತ್ತದೆ.

ಐಬಲಿನ್ ಎಂಬ ಗೆಳೆಯ

ಪರದೆಯ ಆಚೆ ಇರುವವರು ನಿಜವಾದ ಮನುಷ್ಯರು ಎಂಬುದಕ್ಕೆ ನಾರ್ವೆ ದೇಶದ ಒಂದು ಕಥೆ ಹೇಳುತ್ತೇನೆ. ಇದು ನಡೆದದ್ದು.

ಮಾಟ್ಸ್ ಸ್ಟೀನ್ ಎಂಬ ಹುಡುಗನಿಗೆ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇತ್ತು. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಬಲ ಕಳೆದುಕೊಳ್ಳುವ ಕಾಯಿಲೆ ಅದು. ಗಾಲಿಕುರ್ಚಿಯಲ್ಲೇ ಬೆಳೆದ. ದಿನದ ಬಹುಪಾಲು ಹೊತ್ತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಿದ್ದ. ಮಗನಿಗೆ ಗೆಳೆಯರೇ ಇಲ್ಲ ಎಂದು ಅಪ್ಪ ಅಮ್ಮ ಕೊರಗುತ್ತಿದ್ದರು. 2014ರ ನವೆಂಬರ್‌ನಲ್ಲಿ, 25ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ಅವನ ಬ್ಲಾಗಿನಲ್ಲಿ ಅಪ್ಪ ಆ ಸುದ್ದಿ ಬರೆದು ಹಾಕಿದರು. ಯಾರಾದರೂ ಓದುತ್ತಾರೆಂಬ ಭರವಸೆಯೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಇ-ಮೇಲ್‌ಗಳು ಬರತೊಡಗಿದವು, ಒಂದರ ಹಿಂದೆ ಒಂದು, ಬೇರೆ ಬೇರೆ ದೇಶಗಳಿಂದ. ಆಟದಲ್ಲಿ ಮಾಟ್ಸ್‌ನ ಹೆಸರು ಐಬಲಿನ್. 'ಸ್ಟಾರ್‌ಲೈಟ್' ಎಂಬ ಗಿಲ್ಡಿನ ಸದಸ್ಯ. ಅಲ್ಲಿ ಅವನು ಓಡುತ್ತಿದ್ದ, ತಮಾಷೆ ಮಾಡುತ್ತಿದ್ದ, ಬೇಸರದಲ್ಲಿದ್ದವರ ಮಾತು ಕೇಳಿಸಿಕೊಳ್ಳುತ್ತಿದ್ದ. ಡೆನ್ಮಾರ್ಕಿನ ತಾಯಿಯೊಬ್ಬರು ಆಟಿಸಂ ಇರುವ ತಮ್ಮ ಮಗನಿಗೆ ಹತ್ತಿರವಾಗಲು ಅವನ ಸಲಹೆಯೇ ದಾರಿಯಾಗಿತ್ತು. ಅವನೂ ಜಗಳವಾಡಿದ್ದುಂಟು, ಗೆಳೆಯರ ಮನಸ್ಸು ನೋಯಿಸಿದ್ದುಂಟು. ತನ್ನ ಕಾಯಿಲೆಯ ವಿಷಯವನ್ನು ಬಹಳ ಕಾಲ ಅವರಿಗೆ ಹೇಳಿರಲೇ ಇಲ್ಲ. ಆದರೂ ಅವನ ಅಂತ್ಯಸಂಸ್ಕಾರಕ್ಕೆ ಗಿಲ್ಡಿನ ಗೆಳೆಯರು ಬೇರೆ ದೇಶಗಳಿಂದ ಬಂದು ನಿಂತರು. ಅಲ್ಲಿಯವರೆಗೆ ಅವರಲ್ಲಿ ಯಾರೂ ಅವನನ್ನು ಕಣ್ಣಾರೆ ಕಂಡವರಲ್ಲ. ಬೆಂಜಮಿನ್ ರೀ ನಿರ್ದೇಶಿಸಿದ 'ದಿ ರಿಮಾರ್ಕೆಬಲ್ ಲೈಫ್ ಆಫ್ ಐಬಲಿನ್' ಎಂಬ ಸಾಕ್ಷ್ಯಚಿತ್ರ 2024ರಲ್ಲಿ ಈ ಬದುಕನ್ನು ಜಗತ್ತಿಗೆ ತೋರಿಸಿತು.

ಇದನ್ನು ಓದಿ 'ದಿನವಿಡೀ ಆಡಬಹುದು' ಎಂದುಕೊಳ್ಳಬೇಡಿ. ಮಾಟ್ಸ್‌ಗೆ ಮೈದಾನಕ್ಕಿಳಿಯುವ ದಾರಿ ಇರಲಿಲ್ಲ, ನಿಮಗಿದೆ. ಕಲಿಯಬೇಕಾದದ್ದು ಬೇರೆ. ಗಿಲ್ಡಿನಲ್ಲಿ ಎಷ್ಟು ಶತ್ರುಗಳನ್ನು ಹೊಡೆದಿರಿ ಎಂಬುದನ್ನು ಯಾರೂ ನೆನಪಿಡುವುದಿಲ್ಲ. ಹೇಗೆ ನಡೆದುಕೊಂಡಿರಿ ಎಂಬುದನ್ನು ನೆನಪಿಡುತ್ತಾರೆ. ಅಪ್ಪ ಅಮ್ಮ ಕಲಿಯಬೇಕಾದದ್ದೂ ಒಂದಿದೆ. ಮಗು ಯಾರ ಜೊತೆ ಆಡುತ್ತಿದೆ ಎಂದು ಈಗಲೇ, ಪ್ರೀತಿಯಿಂದ ಕೇಳಿ.

ಬಾಗಿಲಿಗೆ ಚಿಲಕವೂ ಬೇಕು

ಗಿಲ್ಡಿನಲ್ಲಿ ಒಳ್ಳೆಯವರು ಇರುವಂತೆ ಕೆಟ್ಟವರೂ ಇರುತ್ತಾರೆ. ಈ ಕೆಲವು ಮಾತುಗಳನ್ನು ಮನೆಯವರೆಲ್ಲ ಕೂತು ಓದಿ.

• ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಆಡಲು, ಗಿಲ್ಡಿನವರು ಮಾತಾಡಲು ಬಳಸುವ ಡಿಸ್ಕಾರ್ಡ್ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕು. ವಯಸ್ಸು ಸುಳ್ಳು ಹೇಳಿ ಸೇರಬೇಡಿ.

• ನಿಜವಾದ ಹೆಸರು, ಶಾಲೆ, ಮನೆ ವಿಳಾಸ, ಫೋನ್ ನಂಬರ್, ಫೋಟೊ ಯಾರಿಗೂ ಕೊಡಬೇಡಿ. ಆಟದ ಹೆಸರು ಸಾಕು.

• ಪಾಸ್‌ವರ್ಡ್, ಒಟಿಪಿ ಲೀಡರ್ ಕೇಳಿದರೂ ಇಲ್ಲ. 'ಪುಕ್ಕಟೆ ಜೆಮ್ ಕೊಡ್ತೀವಿ' ಎಂಬ ಲಿಂಕ್ ಒತ್ತಬೇಡಿ. ಅಪ್ಪ ಅಮ್ಮನನ್ನು ಕೇಳದೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

• ಹಣ ಕಟ್ಟಿ ಹಣ ಗೆಲ್ಲುವ ಆಟಗಳು ಬೇರೆ. ಅವನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಗಿಲ್ಡಿನಲ್ಲಿ ಯಾರಾದರೂ ಅಂಥ ಆಟಕ್ಕೆ ಕರೆದರೆ ಹೋಗಬೇಡಿ.

• 'ಮನೇಲಿ ಹೇಳಬೇಡ' ಎಂದು ಯಾರಾದರೂ ಅಂದರೆ ಮೊದಲು ಮನೆಯಲ್ಲೇ ಹೇಳಿ. ಸ್ಕ್ರೀನ್‌ಶಾಟ್ ತೆಗೆದಿಡಿ, ಬ್ಲಾಕ್ ಮಾಡಿ, ಆಟದೊಳಗೇ ದೂರು ಕೊಡಿ. ಹಣ ಮೋಸವಾದರೆ ಸೈಬರ್ ಅಪರಾಧ ಸಹಾಯವಾಣಿ 1930, ಮಕ್ಕಳಿಗೆ ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098.

ಮಗು ಬಂದು ಹೇಳಿದಾಗ 'ಅದಕ್ಕೇ ಆಡಬೇಡ ಅಂದಿದ್ದೆ' ಎಂದು ಶುರು ಮಾಡಿದರೆ ಮುಂದಿನ ಸಲ ಅದು ಹೇಳುವುದಿಲ್ಲ. ಮೊದಲು ಕೇಳಿಸಿಕೊಳ್ಳಿ, ಬುದ್ಧಿಮಾತು ಆಮೇಲಿರಲಿ.

ಎರಡನೇ ಸಲ

ಹಬ್ಬ ಮುಗಿಸಿ ಹೊರಡುವ ದಿನ ಹುಡುಗ ಇನ್ನೊಂದು ತಂಡ ಹುಡುಕಿಟ್ಟಿದ್ದ. ಈ ಸಲ ಅಕ್ಕನೂ ಪಕ್ಕದಲ್ಲಿ ಕೂತಿದ್ದಳು. ತಂಡದ ನಾಲ್ಕು ಸಾಲನ್ನು ಇಬ್ಬರೂ ಓದಿದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. 'ಓದು ಮೊದಲು, ಯುದ್ಧ ಆಮೇಲೆ' ಎಂದಿತ್ತು. ಸೇರಿದ. ನಮಸ್ಕಾರ ಹೇಳಿ, ತಾನು ಸಂಜೆ ಆರರಿಂದ ಆರೂವರೆಯವರೆಗೆ ಮಾತ್ರ ಬರುವುದಾಗಿ ಬರೆದ.

ಒಂದು ನಿಮಿಷ ಯಾರೂ ಉತ್ತರಿಸಲಿಲ್ಲ. ಹುಡುಗ ಉಗುರು ಕಚ್ಚಿದ. ಆಮೇಲೆ ಯಾರೋ ಬರೆದರು: 'ಬಾ ತಮ್ಮ. ಊಟ ಆಯ್ತಾ?'

ಅಕ್ಕ ನಕ್ಕಳು. "ಆಗಿಲ್ಲ ಅಂತ ಬರಿ" ಎಂದು ತಟ್ಟೆ ಹಾಕಲು ಎದ್ದಳು. ಅವನು ಹಾಗೇ ಬರೆದು, ಮೊಬೈಲ್ ಕೆಳಗಿಟ್ಟು, ಕೈ ತೊಳೆಯಲು ಹೋದ.