ಒಂದಕ್ಕೆ ಹೋಗಲು ಅನುಮತಿ: ತರಗತಿಯ ಶಿಸ್ತು ಮತ್ತು ಮಕ್ಕಳ ಆರೋಗ್ಯ

ಕಿರುಬೆರಳು ಎತ್ತಿ “ಮಿಸ್, ಒಂದಕ್ಕೆ ಹೋಗ್ಲಾ?” ಎಂದು ಕೇಳದೆ ಕರ್ನಾಟಕದಲ್ಲಿ ಶಾಲೆ ಮುಗಿಸಿದವರು ನಮ್ಮಲ್ಲಿ ವಿರಳ. “ಈಗ ತಾನೇ ಬೆಲ್ ಆಯ್ತಲ್ಲ, ಕೂತ್ಕೋ” ಎಂಬ ಉತ್ತರವೂ ಅಷ್ಟೇ ಪರಿಚಿತ. ಅಮೆರಿಕದಲ್ಲಿ ಓದುವ ನಮ್ಮ ಮಕ್ಕಳಿಗೆ ಕಿರುಬೆರಳಿನ ಬದಲು ಹಾಲ್ ಪಾಸ್ ಬಂದಿದೆ. ಕೆಲವು ತರಗತಿಗಳಲ್ಲಿ ತಿಂಗಳಿಗೆ ಇಷ್ಟೇ ಪಾಸ್ ಎಂಬ ಲೆಕ್ಕವಿರುತ್ತದೆ. ಬಳಸದೆ ಉಳಿಸಿದ ಪಾಸಿಗೆ ಹೆಚ್ಚುವರಿ ಅಂಕ ಕೊಡುವವರೂ ಇದ್ದಾರೆ. ಈ ನಿರ್ಬಂಧ ಸರಿಯೇ? ಹಲವು ವರ್ಷಗಳಿಂದ ಇಲ್ಲಿನ ಶಾಲೆಗಳಲ್ಲಿ ಸಬ್‌ಸ್ಟಿಟ್ಯೂಟ್ ಟೀಚರ್ ಆಗಿ, ವಾರಾಂತ್ಯದಲ್ಲಿ ಕನ್ನಡ ತರಗತಿಯ ಶಿಕ್ಷಕಿಯಾಗಿ ಕೆಲಸ ಮಾಡುತ್ತಿರುವ ನನಗೆ ಇದು ಸಣ್ಣ ಪ್ರಶ್ನೆ ಎನಿಸುವುದಿಲ್ಲ.

ಶಿಕ್ಷಕರ ಕಷ್ಟ

ಮೊದಲು ಶಿಕ್ಷಕರ ಪರವಾಗಿ ಎರಡು ಮಾತು. 25 ಮಕ್ಕಳ ತರಗತಿಯಲ್ಲಿ ಒಬ್ಬ ಎದ್ದರೆ ಇನ್ನು ಮೂವರಿಗೆ ನೆನಪಾಗುತ್ತದೆ. ಹೋದವರು ಹತ್ತು ನಿಮಿಷವಾದರೂ ಬರದಿದ್ದರೆ ಹೊಣೆ ನಮ್ಮದೇ. ಹೈಸ್ಕೂಲಿನ ಶೌಚಾಲಯಗಳಲ್ಲಿ ವೇಪಿಂಗ್ ಕಾಟ ಬೇರೆ. 2021ರ ಸೆಪ್ಟೆಂಬರ್‌ನಲ್ಲಿ ಟಿಕ್‌ಟಾಕ್ ನೋಡಿ ಮಕ್ಕಳು ಸಾಬೂನಿನ ಡಬ್ಬಿ, ಕನ್ನಡಿಗಳನ್ನು ಕಿತ್ತೊಯ್ಯತೊಡಗಿದಾಗ ಎಷ್ಟೋ ಶಾಲೆಗಳು ಶೌಚಾಲಯಗಳಿಗೇ ಬೀಗ ಹಾಕಿದವು. ಹಾಗಾಗಿ ನಿಯಮ ಮಾಡುವವರೆಲ್ಲ ಕಟುಕರಲ್ಲ.

ದೇಹದ ಲೆಕ್ಕ

ಆದರೆ ದೇಹದ ಲೆಕ್ಕವೇ ಬೇರೆ. ಮಗುವಿನ ಮೂತ್ರಕೋಶದ ಅಳತೆಗೆ ವೈದ್ಯರು ಬಳಸುವ ಸುಲಭ ಸೂತ್ರವೊಂದಿದೆ: ವಯಸ್ಸಿಗೆ 2 ಸೇರಿಸಿದರೆ ಸುಮಾರು ಅಷ್ಟು ಔನ್ಸ್. ಆರು ವರ್ಷದ ಮಗುವಿಗೆ 8 ಔನ್ಸ್, ಅಂದರೆ ಸುಮಾರು 240 ಮಿಲಿಲೀಟರ್, ದೊಡ್ಡವರದರ ಅರ್ಧದಷ್ಟು. ದಿನಕ್ಕೆ ನಾಲ್ಕರಿಂದ ಏಳು ಬಾರಿ ಹೋಗುವುದು ಮಕ್ಕಳಿಗೆ ಸಹಜ. ತೊಂದರೆಯಿರುವ ಮಕ್ಕಳಿಗೆ ಎರಡು ಮೂರು ಗಂಟೆಗೊಮ್ಮೆ ಹೋಗಿ ಬರಲು ವೈದ್ಯರೇ ಹೇಳುತ್ತಾರೆ.

ಒಮ್ಮೆ ತಡೆದುಕೊಂಡರೆ ಏನೂ ಆಗುವುದಿಲ್ಲ. ದಿನವೂ ತಡೆದುಕೊಳ್ಳುವುದು ಅಭ್ಯಾಸವಾದರೆ ಕೆಳಹೊಟ್ಟೆಯ ಸ್ನಾಯುಗಳು ಬಿಗಿಹಿಡಿಯುವುದನ್ನೇ ಕಲಿಯುತ್ತವೆ, ಹೋದಾಗಲೂ ಸಡಿಲವಾಗುವುದಿಲ್ಲ. ಮೂತ್ರ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ, ಉಳಿದದ್ದರಲ್ಲಿ ಸೋಂಕು ಬೆಳೆಯುತ್ತದೆ. ಮೂತ್ರನಾಳ ಚಿಕ್ಕದಾಗಿರುವ ಹೆಣ್ಣುಮಕ್ಕಳಿಗೆ ಅಪಾಯ ಹೆಚ್ಚು. ಎರಡಕ್ಕೆ ತಡೆದುಕೊಂಡರೆ ಮಲ ಗಟ್ಟಿಯಾಗಿ ಮಲಬದ್ಧತೆ ಬರುತ್ತದೆ. ಹಿಗ್ಗಿದ ದೊಡ್ಡಕರುಳಿನ ಕೊನೆ ಮೂತ್ರಕೋಶವನ್ನು ಒತ್ತಿ, ಬಟ್ಟೆ ಒದ್ದೆಯಾಗುವ ಪರಿಸ್ಥಿತಿಯೂ ಬರಬಹುದು. ಇನ್ನು ಕೆಲವು ಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬೆಳಿಗ್ಗೆ ತುಂಬಿಸಿಕೊಟ್ಟ ಬಾಟಲಿ ಸಂಜೆ ಹಾಗೇ ಮನೆಗೆ ಬಂದರೆ ತಾಯಂದಿರು ಕಾರಣ ಕೇಳಬೇಕು.

ನಮ್ಮ ಹಿರಿಯರಿಗೂ ಇದು ತಿಳಿದಿತ್ತು. ಚರಕ ಸಂಹಿತೆಯ ಸೂತ್ರಸ್ಥಾನದ 7ನೇ ಅಧ್ಯಾಯದ ಹೆಸರೇ ‘ನವೇಗಾಂಧಾರಣೀಯ’. ತಡೆಯಬಾರದ 13 ವೇಗಗಳನ್ನು ಅಲ್ಲಿ ಪಟ್ಟಿ ಮಾಡಲಾಗಿದೆ. ಮೊದಲಿಗೇ ಬರುವುದು ಮೂತ್ರ ಮತ್ತು ಮಲ. ಕನ್ನಡದಲ್ಲಿ ನಾವು ಇದನ್ನು ‘ಜಲಬಾಧೆ’ ಎನ್ನುತ್ತೇವೆ. ಬಾಧೆ ಎಂದ ಮೇಲೆ ಅದು ಸಬೂಬಲ್ಲ.

ನಿಯಮ ಕಟ್ಟಿಹಾಕುವುದು ಯಾರನ್ನು?

ತರಗತಿಯಲ್ಲಿ ನಾನು ಗಮನಿಸಿದ್ದು ಇಷ್ಟು. ಪಾಠ ತಪ್ಪಿಸಿಕೊಳ್ಳಬೇಕೆನ್ನುವ ಹುಡುಗ ನಿಯಮವಿದ್ದರೂ ಕೇಳುತ್ತಾನೆ, ವಾದಿಸುತ್ತಾನೆ, ಹೋಗಿಯೂ ಬರುತ್ತಾನೆ. ಒಮ್ಮೆ ಬೇಡವೆಂದರೆ ಮತ್ತೆ ಕೇಳದ ಮಗು ಮಾತ್ರ ಕಾಲು ಅದುಮಿಕೊಂಡು ಕೂರುತ್ತದೆ. ಟೀಚರ್ ಮಾತಿಗೆ ಎದುರಾಡಬಾರದು ಎಂದು ಹೇಳಿಕೊಟ್ಟು ಬೆಳೆಸಿದ ನಮ್ಮ ಮನೆಗಳ ಎಷ್ಟೋ ಮಕ್ಕಳು ಈ ಎರಡನೇ ಗುಂಪಿನವರು. ಹತ್ತು ಹನ್ನೊಂದು ವರ್ಷಕ್ಕೇ ಮುಟ್ಟಾದ ಹುಡುಗಿ ಎಲ್ಲರೆದುರು ಕಾರಣ ಹೇಳಲಾರಳು. ತಪ್ಪಿಸಿಕೊಳ್ಳುವವರಿಗಾಗಿ ಮಾಡಿದ ನಿಯಮದ ದಂಡವನ್ನು ವಿಧೇಯ ಮಕ್ಕಳು ತೆರುತ್ತಾರೆ.

ಇಲ್ಲಿನ ಕಾನೂನಿನಲ್ಲೂ ಒಂದು ವಿಚಿತ್ರವಿದೆ. ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಓಶಾ, ಉದ್ಯೋಗಿಗಳಿಗೆ ಬೇಕಾದಾಗ ಶೌಚಾಲಯಕ್ಕೆ ಹೋಗಲು ಬಿಡಬೇಕು, ಅಕಾರಣ ನಿರ್ಬಂಧ ಹೇರಬಾರದು ಎಂದು 1998ರಲ್ಲೇ ಸ್ಪಷ್ಟಪಡಿಸಿದೆ. ವಿದ್ಯಾರ್ಥಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ಏನು ಮಾಡಬಹುದು?

ನಿಯಮವೇ ಬೇಡ ಎಂದು ನಾನು ಹೇಳುತ್ತಿಲ್ಲ. ಒಂದು ಸಲಕ್ಕೆ ಒಬ್ಬರೇ ಹೋಗಲಿ. ಬಾಗಿಲ ಬಳಿಯ ಹಾಳೆಯಲ್ಲಿ ಹೆಸರು, ಸಮಯ ಬರೆದು, ಪಾಠ ನಿಲ್ಲಿಸದೆ ಸದ್ದಿಲ್ಲದೆ ಹೋಗಿಬರಲಿ. ಉಳಿಸಿದ ಪಾಸಿಗೆ ಅಂಕ ಕೊಡುವುದು ನಿಲ್ಲಲಿ. ಶೌಚಾಲಯದ ಕಿಡಿಗೇಡಿತನಕ್ಕೆ ಅಲ್ಲಿ ದೊಡ್ಡವರ ಕಾವಲಿರಲಿ, ಬೀಗ ಬೇಡ. ಒಂದು ಮಗು ಪದೇ ಪದೇ ಹೋಗುತ್ತಿದ್ದರೆ ಆ ಹಾಳೆಯೇ ಅದನ್ನು ತೋರಿಸುತ್ತದೆ. ಆಗ ಬೈಯುವುದಕ್ಕಿಂತ ಮನೆಗೊಂದು ಫೋನ್ ಮಾಡುವುದು ಮೇಲು. ಕಾರಣ ಗಣಿತದ ಭಯವಿರಬಹುದು, ಸೋಂಕಿರಬಹುದು. ಮಕ್ಕಳ ಟೈಪ್ 1 ಮಧುಮೇಹದ ಮೊದಲ ಲಕ್ಷಣಗಳಲ್ಲಿ ಅತಿಯಾದ ಬಾಯಾರಿಕೆ ಮತ್ತು ಪದೇ ಪದೇ ಮೂತ್ರಕ್ಕೆ ಹೋಗುವುದೂ ಸೇರಿವೆ.

ಪೋಷಕರೂ ಸುಮ್ಮನಿರಬೇಕಿಲ್ಲ. ಮಗುವಿಗೆ ತೊಂದರೆಯಿದ್ದರೆ ವೈದ್ಯರ ಪತ್ರ ಪಡೆದು ಶಾಲೆಯ ನರ್ಸ್‌ಗೆ ಕೊಡಿ. ದೀರ್ಘಕಾಲದ ಸಮಸ್ಯೆಗೆ 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್ ಅಡಿ ‘504 ಪ್ಲಾನ್’ ಕೇಳಬಹುದು. ಬೇಕಾದಾಗ ಶೌಚಾಲಯಕ್ಕೆ ಹೋಗುವ ಅವಕಾಶವನ್ನು ಅದರಲ್ಲಿ ಬರೆಸಬಹುದು. ಮನೆಯಲ್ಲಿ ಮಗುವಿಗೆ ಇಷ್ಟು ಹೇಳಿಕೊಡಿ: ಟೀಚರ್‌ಗೆ ಗೌರವ ಕೊಡು, ತಡೆಯಲಾಗದಿದ್ದರೆ ಇನ್ನೊಮ್ಮೆ ಕೇಳು, ಅದು ಎದುರಾಡುವುದಲ್ಲ.

ನಮ್ಮ ಸಂಘದ ಕನ್ನಡ ತರಗತಿಗಳಲ್ಲಿ ಇದನ್ನು ಈ ವರ್ಷವೇ ಆರಂಭಿಸಬಹುದು. ಬಾಗಿಲಿಗೆ ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಹಾಳೆಯ ಮೇಲೆ ಹೆಸರನ್ನು ಕನ್ನಡದಲ್ಲೇ ಬರೆಯಬೇಕು ಎಂಬ ನಿಯಮ ಮಾತ್ರ ಇರಲಿ ಎಂದು ಸಮಿತಿಯವರಲ್ಲಿ ನನ್ನ ವಿನಂತಿ.